ಚಿಂಚಿಲಾ ಮರಿ ಸಾಕುವಾಗ ನಾನು ನಂಬಿದ್ದು ತಕ್ಕಡಿಯನ್ನು

ಚಿಂಚಿಲಾ ಅಂದರೆ ದಟ್ಟ ತುಪ್ಪಳದ, ಇಲಿಯ ಬಳಗದ ಪುಟ್ಟ ಪ್ರಾಣಿ. ಅದರ ಮರಿಗೆ ಹುಷಾರಿಲ್ಲ ಅನ್ನುವುದು ನೋಡಿದರೆ ಗೊತ್ತಾಗುವುದಿಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ ನರಿ, ಗೂಬೆಗಳ ಕಣ್ಣು ತಪ್ಪಿಸಿ ಬದುಕಿದ ಜಾತಿ ಇದು. ಸುಸ್ತಾಗಿದ್ದರೂ ಓಡಾಡಿಕೊಂಡೇ ಇರುತ್ತದೆ. ಪೂರ್ತಿ ಮಂಕಾಗಿ ಕೂತಾಗ ಸಮಯ ಮೀರಿರುತ್ತದೆ. ಅದಕ್ಕೇ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇಷ್ಟೇ: ಗ್ರಾಂ ಲೆಕ್ಕ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದನ್ನು ತಂದಿಟ್ಟುಕೊಳ್ಳಿ.

ನಾವಿರುವುದು ಅಮೆರಿಕದ ಮಿನೆಸೋಟದಲ್ಲಿ. 1923ರಲ್ಲಿ ಮಥಾಯಸ್ ಚಾಪ್‌ಮನ್ ಎಂಬ ಗಣಿ ಎಂಜಿನಿಯರ್ ಚಿಲಿಯಿಂದ 11 ಚಿಂಚಿಲಾಗಳನ್ನು ಕ್ಯಾಲಿಫೋರ್ನಿಯಾಕ್ಕೆ ತಂದ. ತುಪ್ಪಳದ ವ್ಯಾಪಾರಕ್ಕೆ ಅಂತ ತಂದಿದ್ದು. ಇಲ್ಲಿನ ಮನೆಗಳಲ್ಲಿ ಈಗ ಇರುವ ಚಿಂಚಿಲಾಗಳಲ್ಲಿ ಬಹುಪಾಲು ಅವುಗಳ ಸಂತತಿಯೇ. ನಮ್ಮ ಜೋಡಿಯನ್ನು ಕೊಟ್ಟವರು ಬೇರೆ ಊರಿಗೆ ಹೋಗುತ್ತಿದ್ದರು. ಹೆಣ್ಣಿಗೆ ಮಗಳು ಮಲ್ಲಿ ಅಂತ ಹೆಸರಿಟ್ಟಳು. ಮನೆಗೆ ಬಂದಾಗಲೇ ಮಲ್ಲಿ ಗಬ್ಬವಾಗಿತ್ತು. ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಿ ಹೇಳಿದರು.

ಚಿಂಚಿಲಾ ಮರಿ ಹಾಕಲು ಸುಮಾರು 111 ದಿನ ಬೇಕು. ಇಲಿಯ ಬಳಗಕ್ಕೆ ಇದು ತುಂಬಾ ಜಾಸ್ತಿ. ಹಾಗಾಗಿ ಮರಿ ಹೊಟ್ಟೆಯಲ್ಲೇ ಪೂರ್ತಿ ಬೆಳೆದು ಬರುತ್ತದೆ. ಮೈತುಂಬ ಕೂದಲು, ತೆರೆದ ಕಣ್ಣು, ಬಾಯಲ್ಲಿ ಹಲ್ಲು. ಕೆಲವೇ ಗಂಟೆಗಳಲ್ಲಿ ಓಡಾಡುತ್ತದೆ. ಗಂಡನ್ನು ಮಾತ್ರ ಹೆರಿಗೆಗೆ ಮೊದಲೇ ಬೇರೆ ಪಂಜರಕ್ಕೆ ಹಾಕಬೇಕು. ಹೆತ್ತ ಕೂಡಲೇ ತಾಯಿ ಮತ್ತೆ ಬೆದೆಗೆ ಬರುತ್ತದೆ. ಹಾಲೂಡಿಸುತ್ತಲೇ ಇನ್ನೊಂದು ಗಬ್ಬ ಹೊರುವುದು ಅದರ ಮೈಗೆ ದೊಡ್ಡ ಹಿಂಸೆ.

ಪಂಜರದ ಕೆಲಸವನ್ನೂ ಮುಂಚೆಯೇ ಮುಗಿಸಿಕೊಂಡೆವು. ತಲೆ ತೂರುವ ಸಂದಿಯಿದ್ದರೆ ಮರಿ ಇಡೀ ಮೈ ತೂರಿಸಿ ಹೊರಬರುತ್ತದೆ. ಸುತ್ತಲೂ ಅರ್ಧ ಇಂಚಿಗಿಂತ ಸಣ್ಣ ಕಣ್ಣಿನ ತಂತಿಬಲೆ ಕಟ್ಟಿದೆವು. ಎತ್ತರದ ಹಲಗೆಗಳನ್ನು, ಓಡುವ ಚಕ್ರವನ್ನು ತೆಗೆದೆವು. ನೀರಿನ ಬಾಟಲಿಯನ್ನು ಮರಿಗೆ ಎಟುಕುವಷ್ಟು ಕೆಳಗಿಳಿಸಿದೆವು. ನೆಲಕ್ಕೆ ಫ್ಲೀಸ್ ಬಟ್ಟೆ, ಮೂಲೆಯಲ್ಲಿ ಅಡಗಲು ಮರದ ಪೆಟ್ಟಿಗೆ. ಪ್ಲಾಸ್ಟಿಕ್ ಏನೂ ಇಡಲಿಲ್ಲ. ಕಡಿದು ನುಂಗಿದರೆ ಕರುಳಿಗೆ ಕುತ್ತು.

ಒಂದು ಬೆಳಗಿನ ಜಾವ ಎರಡು ಮರಿ ಹುಟ್ಟಿದವು. ಗಂಡು ಮರಿ ಗುಂಡ 51 ಗ್ರಾಂ, ಹೆಣ್ಣು ಮರಿ ಚಿಕ್ಕಿ 38. ಎರಡೂ ಒಣಗುವವರೆಗೆ ನಾನು ಅಲ್ಲಿಂದ ಕದಲಲಿಲ್ಲ. ಒದ್ದೆ ಮರಿ ಬೇಗ ತಣ್ಣಗಾಗುತ್ತದೆ. ತಾಯಿ ನೆಕ್ಕಿ ಒಣಗಿಸದೇ ಹೋದರೆ ನಾವೇ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ ಬೆಚ್ಚಗಿಡಬೇಕು. ಮಲ್ಲಿ ಆ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಮಲ್ಲಿಯ ಧೂಳಿನ ಸ್ನಾನವನ್ನು, ಅಂದರೆ ನೀರಿನ ಬದಲು ನುಣ್ಣನೆ ಪುಡಿಯಲ್ಲಿ ಹೊರಳುವುದನ್ನು, ಮಾತ್ರ ಕೆಲವು ದಿನ ನಿಲ್ಲಿಸಿದೆವು. ಹೆತ್ತ ಗಾಯದೊಳಗೆ ಧೂಳು ಹೋದರೆ ಸೋಂಕಾಗುತ್ತದೆ.

ಆಮೇಲೆ ಶುರುವಾಯಿತು ತೂಕದ ಕೆಲಸ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ, ಬಟ್ಟೆ ಹಾಸಿದ ಅದೇ ಬಟ್ಟಲಲ್ಲಿ ಕೂರಿಸಿ, ಬರೆದಿಡುವುದು. ಮೊದಲ ದಿನ ಒಂದೆರಡು ಗ್ರಾಂ ಇಳಿದರೆ ಹೆದರಬೇಕಾಗಿಲ್ಲ. ಆಮೇಲೆ ದಿನಕ್ಕೆ ಒಂದು ಗ್ರಾಂ ಆದರೂ ಏರಬೇಕು. ಗುಂಡ ಏರುತ್ತಾ ಹೋದ. ಚಿಕ್ಕಿ ಏರಲಿಲ್ಲ. ಮರುದಿನವೂ ಇಲ್ಲ.

"ಅಮ್ಮಾ, ಅವನಿಗಿಂತ ಇವಳೇ ಜಾಸ್ತಿ ಕುಣೀತಿದಾಳಲ್ಲ!" ಅಂದಳು ಮಗಳು. ಕುಣಿಯುತ್ತಿದ್ದದ್ದು ನಿಜ. ಆದರೆ ಪುಸ್ತಕದಲ್ಲಿ ಮೂರು ಸಾಲು ಒಂದೇ ಅಂಕಿ ಇತ್ತು. ಅವತ್ತೇ ಡಾಕ್ಟರ್ ಹತ್ತಿರ ಒಯ್ದೆವು. ನೋಡಿದರೆ ಚಿಕ್ಕಿಯ ಮೂಗಿನ ಮೇಲೆ ಸಣ್ಣ ಗೀರು. ಮೊಲೆಗಾಗಿ ಮರಿಗಳು ಕಚ್ಚಾಡುತ್ತವೆ. ಹುಟ್ಟುವಾಗಲೇ ಚೂಪು ಹಲ್ಲು ಇರುತ್ತದಲ್ಲ, ಸುಮ್ನೆ ಬಿಟ್ಟರೆ ಕಿವಿ, ಮೂಗು ಹರಿದುಹೋಗುತ್ತದೆ. ಬಡಕಲು ಮರಿ ಹಸಿದೇ ಉಳಿಯುತ್ತದೆ.

ಡಾಕ್ಟರ್ ಸರದಿ ಹಾಕಿಕೊಟ್ಟರು. ಒಂದು ಮರಿ ತಾಯಿಯ ಜೊತೆ ಇರುವಾಗ ಇನ್ನೊಂದು ಪಕ್ಕದ ಪೆಟ್ಟಿಗೆಯಲ್ಲಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಗೆ ಒರಗಿಕೊಂಡು. ಎರಡು ಗಂಟೆಗೊಮ್ಮೆ ಅದಲುಬದಲು. ಜೊತೆಗೆ ಚಿಕ್ಕಿಗೆ ಮೇಲುಹಾಲು. ಬೆಕ್ಕಿನ ಮರಿಗೆಂದು ಸಿಗುವ ಹಾಲಿನ ಪುಡಿಯನ್ನು ಅವರು ಹೇಳಿದ ಹದಕ್ಕೆ ಕಲಸಿ, ಉಗುರುಬೆಚ್ಚಗೆ ಮಾಡಿ ಡ್ರಾಪರ್‌ನಲ್ಲಿ ಕೊಡುವುದು. ಇಲ್ಲಿ ಆತುರ ಸಲ್ಲದು. ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಲೇಬಾರದು. ಹಾಲು ಶ್ವಾಸಕೋಶಕ್ಕೆ ಹೋದರೆ ಮರಿ ಉಳಿಯುವುದು ಕಷ್ಟ. ನಾಲ್ಕು ಕಾಲ ಮೇಲೆ ಕೂರಿಸಿ, ತುಟಿಯ ಅಂಚಿಗೆ ಒಂದೊಂದೇ ಹನಿ ತಾಗಿಸಬೇಕು. ಅದೇ ನೆಕ್ಕಿಕೊಳ್ಳುತ್ತದೆ. ನೆಕ್ಕದಿದ್ದರೆ ಕಾಯಬೇಕು. ರಾತ್ರಿ ಸರದಿಯನ್ನು ನಾನೂ ನಮ್ಮ ಯಜಮಾನರೂ ಹಂಚಿಕೊಂಡೆವು. ತೂಕ ಮೊದಲು ಒಂದು ಗ್ರಾಂ ಏರಿತು, ಆಮೇಲೆ ಎರಡು. ಆ ಒಂದು ಗ್ರಾಮಿಗೆ ನಾನು ಪಟ್ಟ ಸಂತೋಷ ಅಷ್ಟಿಷ್ಟಲ್ಲ.

ಮೊದಲ ವಾರ ಕಳೆಯುತ್ತಲೇ ಎರಡೂ ಹುಲ್ಲು ಮೆಲ್ಲಲು ಕಲಿತವು. ದೊಡ್ಡ ಚಿಂಚಿಲಾಗೆ ತಿಮೋತಿ ಒಣಹುಲ್ಲು ಮುಖ್ಯ ಊಟ. ಹಾಲೂಡಿಸುವ ತಾಯಿಗೂ ಬೆಳೆಯುವ ಮರಿಗೂ ಕ್ಯಾಲ್ಸಿಯಂ ಜಾಸ್ತಿ ಬೇಕು. ಅದಕ್ಕೆ ಅಲ್ಫಾಲ್ಫಾ ಸೇರಿಸಿ ಕೊಟ್ಟೆವು. ನಮ್ಮೂರಲ್ಲಿ ದನಕ್ಕೆ ಹಾಕುವ ಕುದುರೆಮಸಾಲೆ ಸೊಪ್ಪೇ ಅದು. ಚಿಂಚಿಲಾ ಬದುಕಿರುವಷ್ಟು ಕಾಲ ಅದರ ಹಲ್ಲು ಬೆಳೆಯುತ್ತಲೇ ಇರುತ್ತದೆ. ದಿನವಿಡೀ ಹುಲ್ಲು ಅರೆದರೆ ಮಾತ್ರ ಅದು ಸವೆಯುವುದು. ಮನೆಗೆ ಬಂದವರು ಪ್ರೀತಿಯಿಂದ ಒಣದ್ರಾಕ್ಷಿ, ಬಾದಾಮಿ ಹಿಡಿದು ಬರುತ್ತಾರೆ. "ಒಂದೇ ಒಂದು ಕೊಟ್ರೆ ಏನಾಗುತ್ತೆ?" ಅನ್ನುತ್ತಾರೆ. ನಾನು ಕೊಡಲು ಬಿಡುವುದಿಲ್ಲ. ಸಕ್ಕರೆ, ಜಿಡ್ಡು ಈ ಕರುಳಿಗೆ ಆಗುವುದಿಲ್ಲ. ಹೊಟ್ಟೆ ಉಬ್ಬಿದರೆ ವಾಂತಿ ಮಾಡಿ ಹಗುರಾಗುವ ಶಕ್ತಿಯೂ ಇದಕ್ಕಿಲ್ಲ. ಹಿಕ್ಕೆ ಸಣ್ಣದಾದರೆ, ಕಡಿಮೆಯಾದರೆ ಕೂಡಲೇ ಡಾಕ್ಟರಿಗೆ ತೋರಿಸಬೇಕು.

ನೀರಲ್ಲಿ ಸ್ನಾನ ಬೇಡ. ಒಂದೊಂದು ರಂಧ್ರದಿಂದ ಅರುವತ್ತರಷ್ಟು ಕೂದಲು ಹುಟ್ಟುವ ಮೈ ಇದು. ನೆಂದರೆ ಬೇಗ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಇದಕ್ಕೆಂದೇ ಮಾರುವ ಜ್ವಾಲಾಮುಖಿ ಬೂದಿಯಂಥ ನುಣ್ಣನೆ ಪುಡಿ ಇದೆ. ಮಲ್ಲಿ ಅದರಲ್ಲಿ ಹೊರಳುವುದನ್ನು ನೋಡಿ ಮರಿಗಳು ತಾವಾಗಿಯೇ ಹೊರಳಿದವು. ಹತ್ತು ನಿಮಿಷ ಸಾಕು, ಆಮೇಲೆ ಬಟ್ಟಲು ಹೊರಗೆ.

ಸೆಕೆ ಇದಕ್ಕೆ ನಿಜವಾದ ಶತ್ರು. 25 ಡಿಗ್ರಿ ದಾಟಿದರೆ ನನಗೆ ನಿದ್ದೆ ಬರುವುದಿಲ್ಲ. ಕಿವಿ ಕೆಂಪಾಗಿ ಅಡ್ಡಬಿದ್ದು ಮಲಗಿದರೆ ಅದು ಅಪಾಯ. ಮಿನೆಸೋಟದ ಚಳಿಗಾಲ ದೀರ್ಘ ನಿಜ, ಆದರೆ ಜುಲೈ ತಿಂಗಳ ಸೆಕೆಗೆ ಇಲ್ಲೂ ಎಸಿ ಬೇಕೇ ಬೇಕು. ಬೆಂಗಳೂರಿನಿಂದ ಅಣ್ಣನ ಮಗ ಫೋನ್ ಮಾಡಿ, "ಅತ್ತೆ, ನಾನೂ ಒಂದು ಸಾಕಲಾ?" ಅಂದ. "ಬೇಡ ಕಣೋ," ಅಂದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಕರೆಂಟ್ ಹೋದರೆ ಅದರ ಗತಿ? ಹದಿನೈದು, ಇಪ್ಪತ್ತು ವರ್ಷ ಬದುಕುವ ಪ್ರಾಣಿ ಇದು. ಅಷ್ಟೂ ಬೇಸಿಗೆ ಹೀಗೇ ಕಾಯಬೇಕು.

ಎಂಟು ವಾರಕ್ಕೆ ಹಾಲು ಬಿಡಿಸಿದೆವು. ಗಂಡು ಮರಿಯನ್ನು ಅದಕ್ಕಿಂತ ಹೆಚ್ಚು ಕಾಲ ತಾಯಿ, ತಂಗಿಯ ಜೊತೆ ಬಿಡುವಂತಿಲ್ಲ. ಅಷ್ಟು ಎಳೆಯದರಲ್ಲೇ ಗಬ್ಬ ಕಟ್ಟಿಸಬಲ್ಲದು. ಗುಂಡನನ್ನು ಅಪ್ಪನ ಪಂಜರದ ಪಕ್ಕ ಇಟ್ಟು, ಒಂದರ ವಾಸನೆ ಇನ್ನೊಂದಕ್ಕೆ ಒಗ್ಗಿದ ಮೇಲೆ ಒಟ್ಟಿಗೆ ಬಿಟ್ಟೆವು. ಮೊದಲೆರಡು ರಾತ್ರಿ ಗುರ್ ಅಂದವು. ಈಗ ಒಂದೇ ಹಲಗೆಯ ಮೇಲೆ ಅಂಟಿಕೊಂಡು ಮಲಗುತ್ತವೆ. ಚಿಕ್ಕಿ ಅಮ್ಮನ ಜೊತೆಗೇ ಇದೆ, ಅದನ್ನು ಯಾರಿಗೂ ಕೊಡುವ ಮನಸ್ಸು ನಮಗಿಲ್ಲ.