ಫೋಟೋ ತೆಗೆಯುವ ಮುಂಚೆ ಅವರನ್ನೇ ಕೇಳಿ

ನಮ್ಮ ಬೆಂಗಳೂರಲ್ಲಿ ಎಷ್ಟೊಂದು ಥರದ ಮುಖಗಳಿವೆ, ಅಲ್ವಾ? ಕೆ.ಆರ್. ಮಾರ್ಕೆಟ್, ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತಿದರೆ ಸಾಕು. ಆದರೆ ಸುಮ್ನೆ ಕ್ಲಿಕ್ಕಿಸಬೇಡಿ, ಐದು ನಿಮಿಷ ಮಾತಾಡಿಸಿ. ಹೋದ ವಾರ ಹೂ ಕಟ್ಟುತ್ತಿದ್ದ ಒಬ್ಬರನ್ನು "ಹೇಗೆ ತೆಗೀಲಿ ಅಮ್ಮಾ?" ಅಂತ ಕೇಳಿದೆ. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಮೂಗುಬೊಟ್ಟು ಸರಿಮಾಡಿಕೊಂಡು ನೆಟ್ಟಗೆ ಕೂತರು. "ಹೂವಿನ ರಾಶಿ ಬೇಡ, ಮುಖ ಮಾತ್ರ ಬರಲಿ" ಅಂದರು. ನಾನು ಅಂದುಕೊಂಡಿದ್ದಕ್ಕಿಂತ ಅದೇ ಚೆನ್ನಾಗಿ ಬಂತು.

ಇನ್ನು ಬೆಳಕು. ಕ್ಯಾಮೆರಾ ಎಲ್ಲದರ ಬೆಳಕನ್ನೂ ನಡುಬೂದು ಮಟ್ಟಕ್ಕೆ, ಅಂದರೆ ತೀರಾ ಬಿಳಿಯೂ ಅಲ್ಲದ, ತೀರಾ ಕಪ್ಪೂ ಅಲ್ಲದ ಮಟ್ಟಕ್ಕೆ ತರಲು ನೋಡುತ್ತದೆ. ಬಿಳಿ ಟೋಪಿ, ಬಿಳಿ ಪಂಚೆ ಜಾಸ್ತಿ ಇದ್ದರೆ ಮುಖ ಕಪ್ಪಿಡುತ್ತದೆ. ಹಿಂದೆ ಕತ್ತಲಿದ್ದರೆ ಮುಖದ ಬಣ್ಣವೇ ಹಾರಿಹೋಗುತ್ತದೆ. ಅದಕ್ಕೆ ಮುಖದ ಮೇಲೇ ಸ್ಪಾಟ್ ಮೀಟರಿಂಗ್ (ಒಂದು ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವ ಸೆಟ್ಟಿಂಗ್) ಇಡಿ. ಅವರ ಮೈಬಣ್ಣವೇ ಕಪ್ಪಗಿದ್ದರೆ ಕ್ಯಾಮೆರಾ ಅದನ್ನೂ ಬೂದು ಮಾಡಲು ನೋಡುತ್ತದೆ, ಆಗ ಎಕ್ಸ್‌ಪೋಶರ್ (ಫೋಟೋಗೆ ಬೀಳುವ ಬೆಳಕು) ಸ್ವಲ್ಪ ಇಳಿಸಿ. ಮೊಬೈಲ್‌ನಲ್ಲಾದರೆ ಮುಖದ ಮೇಲೆ ಬೆರಳಿಟ್ಟು ಬೆಳಕು ಹೆಚ್ಚು ಕಡಿಮೆ ಮಾಡಿ. ಬ್ಯೂಟಿ ಮೋಡ್ ಮಾತ್ರ ದಯವಿಟ್ಟು ಆಫ್ ಮಾಡಿ. ಎಣ್ಣೆಗೆಂಪು ಮುಖವನ್ನು ಬೆಳ್ಳಗೆ ಮಾಡಿದರೆ ಅದು ಅವರ ಫೋಟೋ ಹೇಗಾಗುತ್ತದೆ?

ಲೆನ್ಸ್ 50ರಿಂದ 85 ಎಂಎಂ ಒಳಗಿರಲಿ. ವೈಡ್ ಲೆನ್ಸ್ (ಅಗಲ ನೋಟದ ಲೆನ್ಸ್) ಹಿಡಿದು ಹತ್ತಿರ ಹೋದರೆ ಮೂಗು ದಪ್ಪ ಕಾಣುತ್ತದೆ.

ಆಮೇಲೆ 4×6 ಇಂಚಿನ ಒಂದು ಪ್ರಿಂಟ್ ಹಾಕಿಸಿ, ಅವರ ಕೈಗೇ ಕೊಟ್ಟು ಬನ್ನಿ.