ಖಾಲಿ ಕುರ್ಚಿಗೆ ‘ನೀವು’ ಅಂದಾಗ

ನಾನು ಆಪ್ತಸಮಾಲೋಚನೆ ಮಾಡುವ ಕೋಣೆಯಲ್ಲಿ ಮೂರು ಕುರ್ಚಿ ಇವೆ. ಒಂದು ನನಗೆ, ಒಂದು ಬಂದವರಿಗೆ, ಇನ್ನೊಂದು ಖಾಲಿ. ಹೊಸಬರು ಆ ಖಾಲಿ ಕುರ್ಚಿಯ ಮೇಲೆ ಬ್ಯಾಗ್ ಇಡುತ್ತಾರೆ. ನಾನೂ ಸುಮ್ನೆ ಇರುತ್ತೇನೆ. ಕೆಲವು ವಾರ ಕಳೆದ ಮೇಲೆ ಒಂದು ದಿನ, ಬ್ಯಾಗ್ ಸ್ವಲ್ಪ ಕೆಳಗಿಡ್ತೀರಾ ಅಂತ ಕೇಳುತ್ತೇನೆ. ಅವತ್ತು ಆ ಕುರ್ಚಿಗೆ ಬೇರೆ ಕೆಲಸ ಇದೆ ಅಂತ ಅರ್ಥ. ಅವರ ಒಳಗೇ ಮಾತಾಡುವ ಇನ್ನೊಂದು ದನಿಯನ್ನು ಅಲ್ಲಿ ಕೂರಿಸಬೇಕು.

ನಾನು ಇಲ್ಲಿ ಯಾರ ಬಗ್ಗೆ ಬರೆಯುತ್ತಿದ್ದೇನೋ ಅವರ ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ನನ್ನ ತಪ್ಪುಗಳನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

ನಾನು ಕಲಿತದ್ದೆಲ್ಲಾ ಇಂಗ್ಲಿಷಿನಲ್ಲಿ. ಅಮೆರಿಕದ ರಿಚರ್ಡ್ ಶ್ವಾರ್ಟ್ಸ್ 1980ರ ದಶಕದಲ್ಲಿ ಕಟ್ಟಿದ ‘ಇಂಟರ್ನಲ್ ಫ್ಯಾಮಿಲಿ ಸಿಸ್ಟಮ್ಸ್’ ಎಂಬ ವಿಧಾನ ನನಗೆ ತುಂಬಾ ಹಿಡಿಸಿತ್ತು. ಅವರು ಮೊದಲು ಕುಟುಂಬಗಳ ಜೊತೆ ಕೆಲಸ ಮಾಡುತ್ತಿದ್ದವರು. ಮನೆಯಲ್ಲಿ ಹೇಗೆ ಹತ್ತಾರು ಜನರ ಎಳೆದಾಟವೋ ಒಬ್ಬನೇ ಮನುಷ್ಯನ ಒಳಗೂ ಹಾಗೆಯೇ ಹಲವು ‘ಪಾರ್ಟ್’ಗಳ ಎಳೆದಾಟ ಎನ್ನುವುದು ಅವರ ಮಾತು. ನಾನು ಅದನ್ನು ಶ್ರದ್ಧೆಯಿಂದ ಕನ್ನಡಕ್ಕೆ ತಂದೆ. “ನಿಮ್ಮ ಯಾವ ಭಾಗಕ್ಕೆ ಭಯ ಆಗ್ತಿದೆ?” ಎಂದು ಒಬ್ಬರನ್ನು ಕೇಳಿದೆ. ಅವರು ಸ್ವಲ್ಪ ಯೋಚನೆ ಮಾಡಿ, ಎದೆಯ ಎಡಗಡೆ ಕೈಯಿಟ್ಟು “ಇಲ್ಲಿ” ಅಂದರು.

ತಪ್ಪು ಅವರದಲ್ಲ. ಕನ್ನಡದಲ್ಲಿ ಭಾಗ ಅಂದರೆ ಜಮೀನಿನದು, ಇಲ್ಲವೇ ಮೈಯದು. ಒಳಗಿನ ಎಳೆದಾಟಕ್ಕೆ ನಾವು ಆಗಲೇ ಬೇರೆ ಮಾತು ಇಟ್ಟುಕೊಂಡಿದ್ದೇವೆ. “ಒಂದು ಮನಸ್ಸು ಹೋಗು ಅನ್ನುತ್ತೆ, ಇನ್ನೊಂದು ಮನಸ್ಸು ಬೇಡ ಅನ್ನುತ್ತೆ.” ಬಾಯಿ ಬಿಟ್ಟರೆ ಬರುವ ಮಾತು ಇದು. ನಮ್ಮ ಭಾಷೆ ಮನಸ್ಸನ್ನು ಮೊದಲಿನಿಂದಲೂ ಎಣಿಸುತ್ತಿತ್ತು, ನಾನೇ ಪುಸ್ತಕ ಹಿಡಿದು ಅದನ್ನು ಕಲಿಸಲು ಹೊರಟಿದ್ದೆ. ಈಗ ಯಾರಾದರೂ “ಒಂದು ಮನಸ್ಸು” ಅಂದ ತಕ್ಷಣ ಅಲ್ಲೇ ನಿಲ್ಲಿಸಿ, ಆ ಮನಸ್ಸು ಇನ್ನೇನು ಹೇಳುತ್ತೆ ಅಂತ ಕೇಳುತ್ತೇನೆ.

ಅದೇ ವಿಧಾನದಲ್ಲಿ ಎಲ್ಲ ದನಿಗಳ ನಡುವೆ ಶಾಂತವಾಗಿ ಇರುವ ಒಂದಕ್ಕೆ ‘ಸೆಲ್ಫ್’ ಅನ್ನುತ್ತಾರೆ. ಅದನ್ನು ‘ಆತ್ಮ’ ಅಂದು ಇನ್ನೂ ದೊಡ್ಡ ಪೇಚಿಗೆ ಸಿಕ್ಕಿದೆ. ಮಗನ ಜೊತೆ ಮಾತು ಬಿಟ್ಟದ್ದಕ್ಕೆ ಬಂದಿದ್ದ ಹಿರಿಯರೊಬ್ಬರು ಮುಕ್ಕಾಲು ಗಂಟೆ ಆತ್ಮಕ್ಕೆ ಹುಟ್ಟು ಸಾವು ಇಲ್ಲವೆಂದು ನನಗೆ ತಿಳಿಸಿ ಹೇಳಿದರು. ಚೆನ್ನಾಗಿಯೇ ಹೇಳಿದರು. ಮಗನ ವಿಷಯ ಮಾತ್ರ ಬರಲೇ ಇಲ್ಲ. ಆ ಶಬ್ದವನ್ನು ನಾನು ಅವತ್ತೇ ಕೈಬಿಟ್ಟೆ. “ಇಷ್ಟೂ ಮಾತನ್ನು ಕೇಳಿಸಿಕೊಳ್ಳುತ್ತಾ ಕೂತವರು ಯಾರು?” ಅಂದರೆ ಸಾಕಾಗುತ್ತದೆ.

ಹೆಸರು ಸರಿಹೋಯಿತು. ನಿಜವಾದ ಎಡವಟ್ಟು ಆದದ್ದು ಕುರ್ಚಿಯ ಹತ್ತಿರ.

ಖಾಲಿ ಕುರ್ಚಿಯನ್ನು ಹೆಸರುವಾಸಿ ಮಾಡಿದ್ದು ಮನೋಚಿಕಿತ್ಸಕ ಫ್ರಿಟ್ಸ್ ಪರ್ಲ್ಸ್. ಜೇಕಬ್ ಮೊರೆನೊ ಅದಕ್ಕೂ ಮೊದಲೇ ನಾಟಕದ ರೀತಿಯ ಚಿಕಿತ್ಸೆ ನಡೆಸುತ್ತಿದ್ದರು. ಆಮೇಲೆ ಲೆಸ್ಲಿ ಗ್ರೀನ್‌ಬರ್ಗ್ ಎರಡು ಕುರ್ಚಿಯ ಕೆಲಸವನ್ನು ಹಂತ ಹಂತವಾಗಿ ಬಿಡಿಸಿಟ್ಟರು. ಬಯ್ಯುವ ದನಿ ಒಂದು ಕುರ್ಚಿಯಲ್ಲಿ, ಬೈಸಿಕೊಳ್ಳುವ ದನಿ ಇನ್ನೊಂದರಲ್ಲಿ. ಬಂದವರು ಎದ್ದು ಎದ್ದು ಕುರ್ಚಿ ಬದಲಿಸುತ್ತಾ ಎರಡೂ ಕಡೆಯಿಂದ ಮಾತಾಡಬೇಕು. ಬೈಸಿಕೊಳ್ಳುವ ದನಿ ಒಂದು ಹಂತದಲ್ಲಿ ಎದ್ದು ನಿಂತು ‘ಸಾಕು’ ಅನ್ನಬೇಕು. ನಾನು ಕಾಯುತ್ತಿದ್ದದ್ದು ಆ ‘ಸಾಕು’ಗೆ.

ನಲವತ್ತು ದಾಟಿದ ಒಬ್ಬರು ಬರುತ್ತಿದ್ದರು. ಬಿಟ್ಟ ಓದನ್ನು ಮತ್ತೆ ಹಿಡಿಯುವ ಆಸೆ. ಅರ್ಜಿ ತುಂಬಲು ಕೂತರೆ ಸಾಕು, ಒಳಗಿಂದ “ನಿನ್ನ ಕೈಲಿ ಏನಾಗುತ್ತೆ?” ಎನ್ನುವ ದನಿ. ಯಾರ ದನಿ ಅಂದರೆ ಅಪ್ಪನದು, ತೀರಿಕೊಂಡು ಬಹಳ ವರ್ಷ ಆಗಿತ್ತು. ಅಪ್ಪನನ್ನು ಖಾಲಿ ಕುರ್ಚಿಯಲ್ಲಿ ಕೂರಿಸಿದೆವು. ಜೋರಾಗಿ ಹೇಳಿ, ಇನ್ನೂ ಜೋರಾಗಿ, ಅಂತ ನಾನು ಒತ್ತಾಯ ಮಾಡಿದೆ. ಅವರು ಕೊನೆಗೆ ಕೂಗಿದರು. “ಸಾಕು ನಿಲ್ಲಿಸು!” ನನಗೋ ಖುಷಿ. ಟಿಪ್ಪಣಿಯಲ್ಲಿ ‘ಒಳ್ಳೆಯ ಪ್ರಗತಿ’ ಅಂತ ಬರೆದುಕೊಂಡೆ.

ಮುಂದಿನ ಎರಡು ವಾರ ಅವರು ಬರಲಿಲ್ಲ. ಮೂರನೇ ವಾರ ಬಂದು, “ಅವತ್ತು ರಾತ್ರಿಯಿಡೀ ನಿದ್ದೆ ಬರ್ಲಿಲ್ಲ. ಅಪ್ಪನಿಗೆ ‘ನಿಲ್ಲಿಸು’ ಅಂದುಬಿಟ್ಟೆನಲ್ಲ” ಅಂದರು. ಅವರು ಹುಟ್ಟಿದಾಗಿನಿಂದ ಅಪ್ಪನಿಗೆ ‘ನೀವು’ ಅಂದವರು. ನಾನು ಆ ಒಂದು ‘ಸು’ವನ್ನು ಗಮನಿಸಿಯೇ ಇರಲಿಲ್ಲ. ಬಯ್ಯುವ ದನಿಯನ್ನು ಕಡಿಮೆ ಮಾಡಲು ಹೋಗಿ, ಅಪ್ಪನಿಗೆ ಬೈದದ್ದಕ್ಕೆ ಬಯ್ಯುವ ಇನ್ನೊಂದು ದನಿಯನ್ನು ಸೇರಿಸಿ ಕಳಿಸಿದ್ದೆ.

ಮತ್ತೆ ಶುರು ಮಾಡಿದೆವು. ಈ ಸಲ ಅಪ್ಪನ ಕುರ್ಚಿಗೆ ಹೋಗಿ ಕೂರಲು ಹೇಳಿದಾಗ ಅವರು ಕೂರಲಿಲ್ಲ. “ಅವರ ಜಾಗದಲ್ಲಿ ನಾನು ಹೇಗೆ ಕೂರ್ಲಿ?” ಹೌದಲ್ವಾ. ಹಾಗಾದರೆ ಹಿಂದೆ ನಿಂತುಕೊಳ್ಳಿ ಅಂದೆ. ಅವರು ಕುರ್ಚಿಯ ಹಿಂದೆ ಹೋಗಿ ನಿಂತು, ಬೆನ್ನಿನ ಪಟ್ಟಿಯ ಮೇಲೆ ಎರಡೂ ಕೈ ಇಟ್ಟರು. ಸ್ವಲ್ಪ ಹೊತ್ತು ಏನೂ ಇಲ್ಲ. ಬೆರಳುಗಳು ಮಾತ್ರ ಪಟ್ಟಿಯ ಅಂಚನ್ನು ಸವರುತ್ತಿದ್ದವು. ಆಮೇಲೆ ಅಪ್ಪನ ದನಿಯಲ್ಲಿ ಶುರುವಾಯಿತು. “ನಿನ್ನ ಕೈಲಿ ಏನಾಗುತ್ತೆ. ಈ ವಯಸ್ಸಲ್ಲಿ ಯಾಕೆ ಬೇಕು.” ಅದೇ ಹಳೆಯ ಮಾತು. ನಡುವೆ ಎಲ್ಲೋ, “ನಮ್ಮ ಕೈಲಿ ಅದೆಲ್ಲಾ ಆಗಲ್ಲಮ್ಮ” ಎಂದು ಬಂತು.

“ನಮ್ಮ ಅಂದ್ರೆ ಯಾರದು?” ಅಂತ ಕೇಳಿದೆ.

ಅವರು ನನ್ನ ಮುಖ ನೋಡಿದರು. ಅಪ್ಪನೂ ಓದು ಬಿಟ್ಟವರೇ ಅಂತ ಅವರು ಆವರೆಗೆ ನನಗೆ ಹೇಳಿರಲಿಲ್ಲ. ತಾವೂ ಅದನ್ನು ಇದಕ್ಕೆ ಜೋಡಿಸಿ ನೋಡಿರಲಿಲ್ಲವಂತೆ. ತಮ್ಮ ಕುರ್ಚಿಗೆ ವಾಪಸ್ ಬಂದು ಮೆಲ್ಲಗೆ ಹೇಳಿದರು: “ಅಪ್ಪ, ನಿಮಗೆ ಆಗ್ಲಿಲ್ಲ. ನಾನು ಒಂದ್ಸಲ ನೋಡ್ತೀನಿ, ಬೇಡ ಅನ್ಬೇಡಿ.” ಕೂಗಾಟ ಇಲ್ಲ, ‘ಸಾಕು’ ಇಲ್ಲ. ಬೇಡಿಕೆಯ ರೂಪದಲ್ಲಿದ್ದರೂ ಅದು ಎದುರು ಮಾತೇ. ಅರ್ಜಿ ತುಂಬಿದರು. ದನಿ ಹೋಯಿತಾ ಅಂದರೆ, ಹೋಗಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಈಗಲೂ ಬರುತ್ತೆ ಅನ್ನುತ್ತಾರೆ.

ಇದು ಅರ್ಥವಾಗಲು ನನಗೆ ನೆರವಾದದ್ದು ನೆದರ್‌ಲ್ಯಾಂಡ್ಸ್‌ನ ಮನಶ್ಶಾಸ್ತ್ರಜ್ಞ ಹ್ಯೂಬರ್ಟ್ ಹರ್ಮನ್ಸ್. ಅವರು 1992ರಲ್ಲಿ ಜೊತೆಗಾರರೊಂದಿಗೆ ಬರೆದ ಲೇಖನದಲ್ಲಿ, ‘ನಾನು’ ಎನ್ನುವುದು ಹಲವು ಜಾಗಗಳಲ್ಲಿ ನಿಂತು ಮಾತಾಡುತ್ತದೆ, ಆ ಜಾಗಗಳು ಒಂದಕ್ಕೊಂದು ಉತ್ತರ ಕೊಡುತ್ತವೆ ಎನ್ನುತ್ತಾರೆ. ದಸ್ತಯೆವ್ಸ್ಕಿಯ ಕಾದಂಬರಿಗಳಲ್ಲಿ ಪ್ರತಿ ಪಾತ್ರಕ್ಕೂ ತನ್ನದೇ ದನಿ ಇದೆ ಎಂದ ರಷ್ಯಾದ ಚಿಂತಕ ಬಾಖ್ಟಿನ್‌ರಿಂದ ಅವರು ಇದನ್ನು ಪಡೆದದ್ದು. ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು ವಿಷಯ. ಅವರ ಲೆಕ್ಕದಲ್ಲಿ ‘ನನ್ನ ಅಪ್ಪ’, ‘ನನ್ನ ಗೆಳತಿ’ ಕೂಡ ನನ್ನದೇ ಭಾಗ, ಹೊರಗಿನಿಂದ ನುಗ್ಗಿದವರಲ್ಲ. ಓಡಿಸಬೇಕು ಎನ್ನುವ ಅವಸರ ಅಲ್ಲೇ ಅರ್ಧ ಇಳಿಯುತ್ತದೆ.

ಜಪಾನಿನಲ್ಲಿ ಯೋಶಿಮೊಟೊ ಇಶಿನ್ ರೂಪಿಸಿದ, ತನ್ನನ್ನು ತಾನೇ ನೋಡಿಕೊಳ್ಳುವ ನೈಕಾನ್ ಎಂಬ ವಿಧಾನ ಈ ದಿಕ್ಕಿನಲ್ಲಿ ಇನ್ನೂ ಮುಂದೆ ಹೋಗುತ್ತದೆ. ಮೊದಲು ಅಮ್ಮನನ್ನು ನೆನೆದು ಮೂರು ಪ್ರಶ್ನೆ: ಅವರಿಂದ ನಾನು ಪಡೆದದ್ದೇನು, ಅವರಿಗೆ ಕೊಟ್ಟದ್ದೇನು, ಅವರಿಗೆ ಮಾಡಿದ ತೊಂದರೆ ಏನು. ಅವರು ನನಗೆ ಮಾಡಿದ ತೊಂದರೆ ಏನು ಎಂಬ ಪ್ರಶ್ನೆ ಬೇಕೆಂದೇ ಇಲ್ಲ. ಹೊಡೆತ ತಿಂದು ಬೆಳೆದವರ ಮುಂದೆ ನಾನು ಈ ಪ್ರಶ್ನೆಗಳನ್ನು ಇಡುವುದಿಲ್ಲ. ‘ನೀವು’ ಎನ್ನುವ ಗೌರವವನ್ನೂ ಅವರಿಂದ ನಿರೀಕ್ಷಿಸುವುದಿಲ್ಲ. ಅವರಿಗೆ ‘ನಿಲ್ಲಿಸು’ ಅನ್ನಬೇಕಿದ್ದರೆ ಅನ್ನಲಿ.

ಒಂದು ಎಚ್ಚರಿಕೆ. ಒಳಗೆ ಮಾತಾಡುವ ಮನಸ್ಸು ಬೇರೆ, ಯಾರೂ ಇಲ್ಲದಿದ್ದರೂ ಕಿವಿಗೆ ದನಿ ಬೀಳುವುದು ಬೇರೆ. ಎರಡನೆಯದಿದ್ದರೆ ಮನೋವೈದ್ಯರನ್ನು ಬಿಟ್ಟು ನಾನೊಬ್ಬನೇ ಕುರ್ಚಿಯ ಕೆಲಸಕ್ಕೆ ಇಳಿಯುವುದಿಲ್ಲ. ಆದರೆ ಅಲ್ಲೂ ನೆಲದ ಗುಣ ಕಾಣುತ್ತದೆ. ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್ ಮತ್ತು ಜೊತೆಗಾರರು ಅಮೆರಿಕದ ಸ್ಯಾನ್ ಮಟೇಯೊ, ಘಾನಾದ ಅಕ್ರಾ, ನಮ್ಮ ಚೆನ್ನೈ, ಈ ಮೂರು ಕಡೆ ತಲಾ 20 ಜನರನ್ನು ಮಾತಾಡಿಸಿದರು. ಎಲ್ಲರೂ ಇಂಥ ದನಿ ಕೇಳುವವರೇ. ಅಮೆರಿಕದಲ್ಲಿ ಹಿಂಸೆಯ ಮಾತು ಜಾಸ್ತಿ. ಅಕ್ರಾದಲ್ಲಿ ಹಲವರಿಗೆ ದೇವರ ದನಿ. ಚೆನ್ನೈನಲ್ಲಿ ಬಹಳ ಜನಕ್ಕೆ ಕೇಳಿದ್ದು ನೆಂಟರ ದನಿ, ಮನೆಗೆಲಸ ಮಾಡು ಅಂತ ಗದರುವುದು.

ಈಗ ಕುರ್ಚಿ ಎಳೆಯುವ ಮೊದಲು ನಾನು ಕೇಳುವುದು ಎರಡೇ. ಆ ದನಿ ನಿಮ್ಮನ್ನು ‘ನೀನು’ ಅನ್ನುತ್ತಾ, ‘ನೀವು’ ಅನ್ನುತ್ತಾ? ಮತ್ತೆ, ಯಾವ ಭಾಷೆಯಲ್ಲಿ ಮಾತಾಡುತ್ತೆ?

ಎರಡನೆಯ ಪ್ರಶ್ನೆ ಒಬ್ಬ ಯುವಕನಿಂದ ಬಂದದ್ದು. ಅವನನ್ನು ಬಯ್ಯುವ ದನಿ ಆಫೀಸಿನ ಮೀಟಿಂಗಿನ ಹಾಗೆ ಅಚ್ಚುಕಟ್ಟು ಇಂಗ್ಲಿಷಿನಲ್ಲಿ ಮಾತಾಡುತ್ತಿತ್ತು. ಹೆದರಿದ ದನಿಗೆ ಕನ್ನಡ ಬಿಟ್ಟು ಬೇರೆ ಬಾರದು, ಅದಕ್ಕೆ ಸುಮಾರು ಏಳು ವರ್ಷ ವಯಸ್ಸು. ಎದುರುಬದುರು ಕೂರಿಸಿದರೆ ಚಿಕ್ಕದು ಬಾಯಿಯೇ ಬಿಡಲಿಲ್ಲ. “ಅವನು ಏನಂತಿದಾನೆ ಅಂತ ಇದಕ್ಕೆ ಗೊತ್ತಾಗ್ತಿಲ್ಲ ಸರ್” ಅಂದ ಅವನು. ಹಾಗಾದರೆ ನಡುವೆ ಕೂತು ಇಬ್ಬರಿಗೂ ತಿಳಿಸಿ ಹೇಳುವವರು ಬೇಕು. ಕುರ್ಚಿ ಇದ್ದದ್ದು ಮೂರೇ. ನನ್ನದನ್ನು ಎಳೆದು ನಡುವೆ ಇಟ್ಟು, ನಾನು ಗೋಡೆಗೆ ಒರಗಿ ನಿಂತೆ.