ಕಾರಿಗಿಂತ ಮೊದಲು ಗೋಡೆಯ ಪ್ಲಗ್ ನೋಡಿ

ಎಲೆಕ್ಟ್ರಿಕ್ ಕಾರಿಗೆ ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ. ಹಾಗಂತ ಸುಮ್ನೆ ಬಿಟ್ಟರೆ ಆಗುವುದಿಲ್ಲ. ನನ್ನನ್ನು ಕೇಳಿದರೆ, ಕಾರಿಗಿಂತ ಮೊದಲು ಚಾರ್ಜ್ ಹಾಕುವ ಪ್ಲಗ್ ನೋಡಿಕೊಳ್ಳಿ.

ಗೀಸರ್ ಕಾಲು ಗಂಟೆ ಉರಿದು ತಾನಾಗಿ ನಿಲ್ಲುತ್ತದೆ. ಕಾರು ಹಾಗಲ್ಲ. 15 ಆಂಪ್ ಪ್ಲಗ್‌ನಿಂದ ಸುಮಾರು 3 ಕಿಲೋವ್ಯಾಟ್‌ನಂತೆ ಎಂಟು ಹತ್ತು ಗಂಟೆ ಎಳೆಯುತ್ತಲೇ ಇರುತ್ತದೆ. ಒಳಗೆ ಒಂದು ಸ್ಕ್ರೂ ಸಡಿಲವಿದ್ದರೂ ಅಲ್ಲೇ ಬಿಸಿ ಹುಟ್ಟುತ್ತದೆ. ನಮ್ಮ ಮನೆಯಲ್ಲಿ ಒಂದು ಬೆಳಿಗ್ಗೆ ಪ್ಲಗ್ ಕಿತ್ತರೆ ಒಂದು ಪಿನ್ ಕಂದು ಬಣ್ಣಕ್ಕೆ ತಿರುಗಿತ್ತು. ಮೂಗಿಗೆ ಸುಟ್ಟ ಪ್ಲಾಸ್ಟಿಕ್ ವಾಸನೆ. ಅವತ್ತೇ ಎಲೆಕ್ಟ್ರಿಷಿಯನ್‌ನ ಕರೆಸಿ ಸಾಕೆಟ್ ಬದಲಾಯಿಸಿದೆವು. ಮೀಟರ್ ಬೋರ್ಡಿನಿಂದಲೇ ದಪ್ಪ ತಾಮ್ರದ ವೈರು ಬೇರೆ ಎಳೆಸಿ, ಲೋಡ್ ಮೀರಿದರೆ ತಾನಾಗಿ ಬೀಳುವ ಎಂಸಿಬಿ ಸ್ವಿಚ್ ಜತೆಗೆ, ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿದೆವು. ಎಕ್ಸ್‌ಟೆನ್ಶನ್ ಬೋರ್ಡ್ ಬೇಡವೇ ಬೇಡ. ಚಾರ್ಜ್ ಶುರುವಾಗಿ ಒಂದು ಗಂಟೆಯಾದ ಮೇಲೆ ಒಣ ಕೈಯಿಂದ ಪ್ಲಗ್‌ನ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಸ್ವಿಚ್ ಆರಿಸಿಬಿಡಿ.

ಇನ್ನೊಂದು ಅರ್ಥಿಂಗ್. ದಾವಣಗೆರೆ ಕಡೆ ಏಪ್ರಿಲ್ ಬಂತೆಂದರೆ ನೆಲ ಬಿರಿಯುತ್ತದೆ, ಉಪ್ಪು ಇದ್ದಿಲು ತುಂಬಿದ ಹಳೇ ಅರ್ಥ್ ಗುಂಡಿಯೂ ಒಣಗುತ್ತದೆ. ಆಗ ಅರ್ಥ್ ಸರಿಯಿಲ್ಲವೆಂದು ಚಾರ್ಜರ್ ಕೆಂಪು ದೀಪ ತೋರಿಸಿ ನಿಂತರೆ ಕಾರು ಕೆಟ್ಟಿತೆಂದು ಗಾಬರಿ ಬೀಳಬೇಡಿ. ಗುಂಡಿಗೆ ಎರಡು ಕೊಡ ನೀರು ಹಾಕಿ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಹಾಕುತ್ತಿದ್ದರೆ ಇನ್ನೂ ಒಳ್ಳೆಯದು. ಆಮೇಲೂ ದೀಪ ಹೋಗದಿದ್ದರೆ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಸಿ.

ಬ್ಯಾಟರಿಯ ಭಾರ ಜಾಸ್ತಿ, ಅದಕ್ಕೇ ಟೈರು ಬೇಗ ಸವೆಯುತ್ತದೆ. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಗಾಳಿ ನೋಡಿ. ಕಾರಿನ ದೊಡ್ಡ ಬ್ಯಾಟರಿಯಲ್ಲಿ ಮುಖ್ಯವಾಗಿ ಎರಡು ಬಗೆ. ದಿನಬಳಕೆಗೆ ಎನ್‌ಎಂಸಿ (ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್) ಬ್ಯಾಟರಿಗೆ 80 ಶೇಕಡಾ ಚಾರ್ಜ್ ಸಾಕು. ಎಲ್‌ಎಫ್‌ಪಿ (ಲಿಥಿಯಂ-ಐರನ್-ಫಾಸ್ಫೇಟ್) ಆದರೆ ಆಗಾಗ 100ಕ್ಕೆ ತುಂಬಿಸಬೇಕು. ನಿಮ್ಮದು ಯಾವುದೆಂದು ಶೋರೂಮಿನಲ್ಲಿ ಕೇಳಿಕೊಳ್ಳಿ.

ಮುಂದಿನ ಬಾನೆಟ್ ಒಳಗೆ ಚಿಕ್ಕದೊಂದು 12 ವೋಲ್ಟ್ ಬ್ಯಾಟರಿ ಇರುತ್ತದೆ, ಅಲ್ವಾ? ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ. ಮೂರು ವರ್ಷವಾದ ಮೇಲೆ ಪ್ರತಿ ಸರ್ವಿಸ್‌ನಲ್ಲೂ ಅದನ್ನು ಚೆಕ್ ಮಾಡಿಸಿ. ಬಾನೆಟ್ ಎತ್ತಿದಾಗಲೇ ಬ್ಯಾಟರಿ, ಮೋಟರ್ ತಣ್ಣಗಿಡುವ ಕೂಲೆಂಟ್ ದ್ರವದ ಮಟ್ಟ ನೋಡಿ, ಇಲಿ ಹಿಕ್ಕೆ ಬಿದ್ದಿದೆಯಾ ನೋಡಿ. ಇಲಿ ವೈರು ಕಡಿದ ಗುರುತು ಕಂಡರೆ ನೀವೇ ಟೇಪ್ ಸುತ್ತಲು ಹೋಗಬೇಡಿ. ಕಿತ್ತಳೆ ಬಣ್ಣದ ಕೇಬಲ್‌ನಲ್ಲಿ ಹೆಚ್ಚಿನ ಕಾರುಗಳಲ್ಲಿ ಮುನ್ನೂರು ವೋಲ್ಟ್‌ಗೂ ಮೀರಿದ ಕರೆಂಟ್ ಇರಬಹುದು. ಬಾನೆಟ್ ಮುಚ್ಚಿ, ಸರ್ವಿಸ್‌ನವರಿಗೆ ಫೋನ್ ಮಾಡಿ.